ಮರಣ ಪುಸ್ತಕದ ೨೧೪ನೇ ಪುಟ

ಸೋಮವಾರ ಬೆಳಿಗ್ಗೆ ಹತ್ತೂ ನಲವತ್ತಕ್ಕೆ ದಾಖಲೆ ಕಚೇರಿಯ ಗುಮಾಸ್ತ ಬೆವರೊರೆಸಿಕೊಳ್ಳುತ್ತ ಠಾಣೆಗೆ ಬಂದ. ಐವತ್ತಮೂರು ವರ್ಷ ಹಿಂದಿನ ಮರಣ ನೋಂದಣಿ ಪುಸ್ತಕದಿಂದ ಒಂದು ಹಾಳೆ ಕಾಣೆಯಾಗಿತ್ತು.

"ಇಲಿ ತಿಂದಿರ್ಬೇಕು ಕಣ್ರೀ," ಎಂದ ದಫೇದಾರ.

"ಇಲಿ ಬ್ಲೇಡ್ ಹಿಡಿಯುತ್ತಾ ಸಾರ್?"

ಹನ್ನೊಂದೂವರೆಗೆ ಎಫ್‌ಐಆರ್ ದಾಖಲಾಯಿತು. ಇನ್‌ಸ್ಪೆಕ್ಟರ್ ತಾವೇ ಕಚೇರಿಗೆ ಹೋಗಿ ಇಬ್ಬರು ಪಂಚರ ಎದುರು ಪಂಚನಾಮೆ ಬರೆಸಿದರು. ೨೧೩–೨೧೪ನೇ ಪುಟಗಳ ಹಾಳೆಯನ್ನು ಹೊಲಿಗೆಗೆ ಅಂಟಿದಂತೆ ಕೊಯ್ಯಲಾಗಿತ್ತು. ಅದರಲ್ಲಿದ್ದುದು ಮಾರ್ಚ್ ಹನ್ನೊಂದರಿಂದ ಹದಿನಾರರವರೆಗಿನ ಸಾವುಗಳು. ಆ ಪುಸ್ತಕವನ್ನು ಈಚೆಗೆ ತೆಗೆಸಿದವನು ಒಬ್ಬನೇ: ಮುದ್ರಣಾಲಯದಲ್ಲಿ ಕರಡು ತಿದ್ದುವವನು. ಊರಿನ ಮನೆತನಗಳ ವಂಶಾವಳಿ ಬರೆಯುವ ಹುಚ್ಚು ಅವನಿಗೆ.

ಅವನ ಕೋಣೆಯ ಗೋಡೆ ತುಂಬ ಪತ್ರಿಕೆಯ ನಿಧನವಾರ್ತೆಗಳು. ನಡುವೆ ಒಬ್ಬ ಹೆಂಗಸಿನ ಹಳೇ ಫೋಟೊ.

"ಪುಸ್ತಕ ಯಾರ್ಯಾರು ಮುಟ್ಟಿದ್ರು?" ಇನ್‌ಸ್ಪೆಕ್ಟರ್ ಕೇಳಿದರು.

"ನಾನು, ನಮ್ಮಕ್ಕ. ಕರಡು ನೋಡಿ ನೋಡಿ ಕಣ್ಣು ಸೋತಿದೆ ಮೇಡಂ. ಅಕ್ಕ ಓದ್ತಾಳೆ, ನಾನು ಬರ್ಕೋತೀನಿ. ಆಮೇಲೆ ಭೂತಗನ್ನಡಿ ಹಿಡಿದು ತಾಳೆ ನೋಡ್ತೀನಿ."

"ಈ ಫೋಟೊ?"

"ಅಮ್ಮ. ನನಗೆ ಒಂಬತ್ತು ದಿನ ಆದಾಗ ಹೋದಳಂತೆ. ಊರೋರ ಸಾವೆಲ್ಲ ಸಿಕ್ತು, ಅವಳದೇ ಸಿಗಲಿಲ್ಲ."

ಹೇಳಿಕೆಯ ಕೊನೆಗೆ ವಾಡಿಕೆಯಂತೆ ಜನ್ಮದಿನಾಂಕ ಬರೆಸಿಕೊಂಡರು. ವಯಸ್ಸು ಐವತ್ತೊಂದು.

ಹಾಳೆಯಲ್ಲಿ ಯಾರ ಸಾವಿತ್ತು ಎಂದು ತಿಳಿಯಲು ದಫೇದಾರ ಮಂಗಳವಾರವಿಡೀ ಪತ್ರಿಕಾ ಕಚೇರಿಯಲ್ಲಿ ಹಳೇ ಸಂಚಿಕೆಗಳ ಧೂಳು ಕುಡಿದ. ಬುಧವಾರ ಬೆಳಿಗ್ಗೆ ಒಂದು ನಕಲು ತಂದು ಮೇಜಿನ ಮೇಲಿಟ್ಟ. ಅದೇ ಫೋಟೊ. ಮಾರ್ಚ್ ಹದಿನಾಲ್ಕರಂದು ನಿಧನ. ಪತಿ ಹಾಗೂ ಏಕೈಕ ಪುತ್ರಿಯನ್ನು ಅಗಲಿದ್ದಾರೆ.

ಇನ್‌ಸ್ಪೆಕ್ಟರ್‌ಗೆ ಕೂರಲಾಗಲಿಲ್ಲ. ಕಿಟಕಿಗೂ ಬಾಗಿಲಿಗೂ ಅಡ್ಡಾಡುತ್ತ ಬೆರಳು ಮಡಚಿ ಎಣಿಸಿದರು. ಮತ್ತೊಮ್ಮೆ ಎಣಿಸಿದರು. ತಾಯಿ ತೀರಿಕೊಂಡ ಇಪ್ಪತ್ತೊಂದನೇ ತಿಂಗಳಿಗೆ ಮಗ ಹುಟ್ಟಿದ್ದ.

"ಹಾಗಾದ್ರೆ ಹೆತ್ತವರು ಯಾರು ಮೇಡಂ?"

"ಜೀಪು ತೆಗೀರಿ."

ಅರವತ್ತೊಂಬತ್ತರ ಅಕ್ಕ ಹೊಲಿಗೆ ಯಂತ್ರದ ಮುಂದೆ ಕೂತಿದ್ದಳು. ಸಮವಸ್ತ್ರ ಕಂಡರೂ ಮೇಲೇಳಲಿಲ್ಲ.

"ಹಾಳೆ ಎಲ್ಲಿ?"

ಆಕೆ ಯಂತ್ರದ ಖಾನೆ ಎಳೆದು, ಬಟ್ಟೆಯಲ್ಲಿ ಸುತ್ತಿಟ್ಟಿದ್ದ ಹಾಳೆಯನ್ನು ಕೊಟ್ಟಳು. "ಸುಡೋಕೆ ಕೈ ಬರ್ಲಿಲ್ಲ. ಅಮ್ಮನ ಹೆಸರಿದೆ."

"ಯಾವಾಗ ಕೊಯ್ದ್ರಿ?"

"ಅವನು ನೀರು ಕುಡಿಯೋಕೆ ಎದ್ದು ಹೋದಾಗ."

"ಇಷ್ಟು ವರ್ಷದಲ್ಲಿ ಹೇಳಬಹುದಿತ್ತಲ್ಲಮ್ಮ."

"ಅಪ್ಪ ಆಣೆ ಹಾಕಿಸಿದ್ರು. ಅವರು ಹೋದ್ಮೇಲೆ, ಇವನ ಪರೀಕ್ಷೆ ಮುಗೀಲಿ ಅಂದ್ಕೊಂಡೆ, ಕೆಲಸ ಸಿಗಲಿ ಅಂದ್ಕೊಂಡೆ. 'ಅಕ್ಕಾ' ಅಂತ ಕರೆದಾಗೆಲ್ಲ ಬಾಯಿ ಕಟ್ಟಿಹೋಗ್ತಿತ್ತು. ಕೊನೆಗೆ ಆ ಪುಟ ಬಂತು. ನಾನೇ ಜೋರಾಗಿ ಓದಬೇಕಿತ್ತಲ್ಲ ಮೇಡಂ! ಓದದೇ ದಾಟಿಸಿದ್ರೆ ತಾಳೆ ನೋಡುವಾಗ ಸಿಕ್ಕಿಬೀಳ್ತಿದ್ದೆ."

ಸಂಜೆ ನಾಲ್ಕೂ ಕಾಲಿಗೆ, ಸಾರ್ವಜನಿಕ ದಾಖಲೆ ನಾಶದ ಆರೋಪದ ಮೇಲೆ ಬಂಧನ.

"ಕೋರ್ಟಲ್ಲಿ ಎಲ್ಲ ಹೊರಬೀಳುತ್ತೆ," ಎಂದರು ಇನ್‌ಸ್ಪೆಕ್ಟರ್.

"ಅದಕ್ಕೆ ಮುಂಚೆ ನಾನೇ ಹೇಳ್ತೀನಿ. ಅವನನ್ನ ಕರೆಸಿ."

ಇನ್‌ಸ್ಪೆಕ್ಟರ್ ತಮ್ಮ ಕೋಣೆಯನ್ನು ಇಬ್ಬರಿಗೂ ಬಿಟ್ಟು ಹೊರಗೆ ನಿಂತರು. ಇಪ್ಪತ್ತು ನಿಮಿಷದ ಮೇಲೆ ಅವನೊಬ್ಬನೇ ಹೊರಬಂದು, ದಫೇದಾರನ ಮೇಜಿನ ಮುಂದೆ ನಿಂತ.

ಬಂಧನದ ಮಾಹಿತಿ ಪತ್ರ ತುಂಬುತ್ತಿದ್ದ ದಫೇದಾರ ತಲೆಯೆತ್ತಲಿಲ್ಲ. "ಆರೋಪಿಗೆ ನೀವೇನಾಗಬೇಕು? ತಮ್ಮ ಅಂತ ಬರ್ಕೊಳ್ಲಾ?"

"ಮಗ ಅಂತ ಬರೀರಿ," ಎಂದ ಅವನು. ಆಮೇಲೆ ಜಾಮೀನಿಗೆ ಏನೇನು ಕಾಗದ ತರಬೇಕೆಂದು ಕೇಳಿದ.