ಆಮ್ರಪಾಲಿ ಕದ್ದ ಕೇಬಲ್

"ಇದನ್ನ ಇದರೊಳಗ ಕೂಡಿಸಿ ಕೊಡ್ರಿ. ಒಂದೂವರಿ ಬಸ್ಸಿಗೆ ನಾ ಹೋಗಬೇಕು!"

ಆಮ್ರಪಾಲಿ ಬ್ಯಾಗಿನಿಂದ ಎರಡು ವಸ್ತು ತೆಗೆದು ಕೌಂಟರಿನ ಮೇಲಿಟ್ಟಳು. ಒಂದು, ಊಟದ ಡಬ್ಬಿಯಷ್ಟೇ ಇದ್ದ ಪುಟ್ಟ ಕಂಪ್ಯೂಟರ್. ಇನ್ನೊಂದು, ಅದರ ಎರಡರಷ್ಟು ಉದ್ದವಿದ್ದ ಗ್ರಾಫಿಕ್ಸ್ ಕಾರ್ಡ್.

ಅಂಗಡಿಯ ಸಮ್ಯಕ್ ಅದನ್ನು ನೋಡಿದ. ಇದನ್ನು ನೋಡಿದ. ತಡೆಯಲಾಗದೆ ಜೋರಾಗಿ ನಕ್ಕುಬಿಟ್ಟ!

"ಮೇಡಂ, ಎಮ್ಮಿ ತಂದು ಕೋಳಿಗೂಡಿನ್ಯಾಗ ಕಟ್ಟಂದ್ರ ಹೆಂಗ್ರಿ?"

ಆಮ್ರಪಾಲಿಯ ಮುಖ ಕೆಂಪಾಯಿತು. ಎರಡನ್ನೂ ಬಾಚಿ ಬ್ಯಾಗಿಗೆ ತುರುಕತೊಡಗಿದಳು.

"ನಗಾಕ ಅಂಗಡಿ ತಗದೀರೋ, ರಿಪೇರಿ ಮಾಡಾಕೋ? ನನಗ ಗೊತ್ತಿದ್ದಿಲ್ಲ... ಗೊತ್ತಿದ್ರ ನಿಮ್ಮ ಹಂತೇಕ ಯಾಕ ಬರ್ತಿದ್ದೆ?"

ಕೊನೆಯ ಮಾತಿಗೆ ದನಿ ಒಡೆಯಿತು. ಸಮ್ಯಕ್‌ನ ನಗು ಅಲ್ಲೇ ನಿಂತಿತು.

"ತಪ್ಪಾತ್ರಿ. ಕುಂದರ್ರಿ ಒಂದು ಸ್ವಲ್ಪ. ಒಳಗ ಜಾಗಾ ಇಲ್ಲಂದ್ರ ಹೊರಗ ಕುಂದ್ರಸೋಣು. ಅದಕ್ಕೊಂದು ಡಾಕ್ ಅಂತ ಬರತೈತಿ. ಕಾರ್ಡ್ ಅದರ ಮ್ಯಾಲ ಕುಂದರತೈತಿ, ಅದಕ್ಕ ಬ್ಯಾರೆ ಕರೆಂಟ್. ಅಲ್ಲಿಂದ ಒಂದ ಕೇಬಲ್ ನಿಮ್ಮ ಕಂಪ್ಯೂಟರಿಗೆ. ನಿಮ್ಮದಕ್ಕ ಹಿಂದ ಈ ಸಣ್ಣ ಕಿಂಡಿ ಐತಲ್ಲ, ಇದು ಭಾಳ ಜೋರಿಂದು. ಆಗತೈತ್ರಿ!"

ಅವಳು ಕಣ್ಣೊರೆಸಿಕೊಂಡು ಕುಳಿತಳು. ಒಂದೂವರೆಯ ಬಸ್ಸು ಹೋಯಿತು. ಅದರ ಮುಂದಿನದೂ ಹೋಯಿತು.

ಆಮ್ರಪಾಲಿ ಸಾರವಾಡದವಳು. ಅಪ್ಪ ಮರೆಪ್ಪ ಗೌಂಡಿ. ಮೂವತ್ತು ವರ್ಷದಿಂದ ಊರೂರಿಗೆ ಹೋಗಿ ಮಂದಿಯ ಮನೆ ಕಟ್ಟಿದವನು. ಮಗಳು ಮನೆಗಳ ನಕ್ಷೆ ಬಿಡಿಸುವುದನ್ನು ಕಲಿತಳು. ಟಿಕೋಟಾದ ಒಬ್ಬ ಇಂಜಿನಿಯರರ ಆಫೀಸಿನಲ್ಲಿ ವಾರಕ್ಕೆ ನಾಲ್ಕು ದಿನ ಕೆಲಸ, ಉಳಿದ ದಿನ ಮನೆಯಿಂದ. ಹೋಗುವಾಗ ಬರುವಾಗ ವಿಜಯಪುರದಲ್ಲಿ ಬಸ್ಸು ಬದಲಿಸಬೇಕು. ಅದಕ್ಕೆಂದೇ ಬ್ಯಾಗಿನಲ್ಲಿ ಹಿಡಿಯುವ ಈ ಪುಟ್ಟ ಕಂಪ್ಯೂಟರ್. ನಕ್ಷೆಗೇನೋ ಸಾಕು. ಆದರೆ ಮನೆಯ ಒಳಗೆಲ್ಲ ಓಡಾಡಿದಂತೆ ತೋರಿಸಲು ಹೋದರೆ ಪಾಪದ ಯಂತ್ರ ಹೆಜ್ಜೆಗೊಮ್ಮೆ ನಿಂತುಬಿಡುತ್ತಿತ್ತು. ಚಿತ್ರಗಳ ಆ ಭಾರ ಹೊರಲೆಂದೇ ಕಾರ್ಡು ತಂದಿದ್ದಳು.

ಈಗ ಅವಳ ಹೆಸರಿನಲ್ಲೇ ಒಂದು ಕೆಲಸ ಬರುವುದರಲ್ಲಿತ್ತು. ಹೊನವಾಡದ ದ್ರಾಕ್ಷಿ ಬೆಳೆಗಾರ ಬುಡ್ಡೇಸಾಬರ ಮನೆ! ಅವರು ಒಪ್ಪಿದರೆ ಕಟ್ಟುವವನು ಮರೆಪ್ಪ. ಮಗಳು ಬರೆದದ್ದನ್ನು ಅಪ್ಪ ಕಟ್ಟುವುದು ಅದೇ ಮೊದಲು. ಮುಂದಿನ ತಿಂಗಳ ಕೊನೆಯ ಭಾನುವಾರ ಮನೆಮಂದಿಗೆಲ್ಲ ಟಿವಿಯ ಮೇಲೆ ಮನೆ ತೋರಿಸಬೇಕಿತ್ತು.

ಸಮ್ಯಕ್ ಕಾರ್ಡನ್ನು ಇಟ್ಟುಕೊಂಡು ಡಾಕ್‌ಗೆ ಆರ್ಡರ್ ಮಾಡಿದ. ಅದು ಬರುವವರೆಗೆ ಅಂಗಡಿಗೆ ಹೋಗಲು ಅವಳಿಗೆ ಏನಾದರೊಂದು ನೆಪ. ಇವತ್ತು ಮೌಸ್, ನಾಳೆ ಹಾರ್ಡ್ ಡಿಸ್ಕ್. ಕಂಪ್ಯೂಟರಿನ ಕಿಂಡಿಗಳು ಸಾಲುತ್ತಿಲ್ಲ ಎಂದಾಗ ಹಲವು ಕಿಂಡಿಗಳಿರುವ ಕರೆಂಟಿನ ಹಬ್ ಒಂದನ್ನು ಹಚ್ಚಿ, ಕೀಬೋರ್ಡು, ಮೌಸು, ಡಿಸ್ಕು ಎಲ್ಲದರ ವೈರುಗಳನ್ನೂ ಜಡೆ ಹೆಣೆದಂತೆ ಕಟ್ಟಿಕೊಟ್ಟ.

"ಜಡಿ ಹಾಕೋದು ಎಲ್ಲಿ ಕಲ್ತೀರಿ?"

"ವೈರಿಗಷ್ಟ ಬರತೈತ್ರಿ," ಎಂದು ಅವನು ನಾಚಿದ.

ಬಸ್ಸಿನಲ್ಲಿ ಕಿಟಕಿಗೆ ತಲೆಯಾನಿಸಿ ಆಮ್ರಪಾಲಿ ಒಬ್ಬಳೇ ನಕ್ಕಳು. *ಇದೇನು ಆಗಾಕತ್ತೈತಿ ನನಗ?*

ಆದರೆ ಆ ನಗುವಿಗೆ ಒಂದು ಮುಳ್ಳೂ ಇತ್ತು. ಅವಳು ಅಂಗಡಿಯಲ್ಲಿ ಕುಳಿತಾಗಲೆಲ್ಲ ಅವನ ಫೋನು ರಿಂಗಾಗುತ್ತಿತ್ತು. ಪರದೆಯ ಮೇಲೆ ಒಂದೇ ಹೆಸರು... ವಿಶಾಖಾ!

"ಹಾಂ ವಿಶಾಖಾ, ಬರ್ತೀನಿ... ಹೂಂ ಮಾರಾಯ್ತಿ, ಊಟಾ ಅಲ್ಲೇ ಮಾಡ್ತೀನಿ."

*ಊಟಾ ಅಲ್ಲೇ!* ಆಮ್ರಪಾಲಿಯ ಎದೆಯಲ್ಲಿ ಯಾರೋ ಹಸಿಮೆಣಸಿನಕಾಯಿ ಅರೆದಂತಾಯಿತು. ಕೇಳಲು ತಾನ್ಯಾರು? ಬರೀ ಗಿರಾಕಿ.

"ಡಾಕ್ ಬಂತೇನ್ರಿ?" ಎಂದಷ್ಟೇ ಕೇಳಿದಳು.

ಸಮ್ಯಕ್ ಅವಳ ಕಣ್ಣು ತಪ್ಪಿಸಿದ. "ಇ... ಇನ್ನೂ ಬಂದಿಲ್ರಿ."

ಆ ಭಾನುವಾರಕ್ಕೆ ನಾಲ್ಕೇ ದಿನ ಉಳಿದಿತ್ತು. ಬುಧವಾರ ಅಂಗಡಿಗೆ ಬಂದರೆ ಬೀಗ! ಪಕ್ಕದ ಟೇಲರ್ ರಮಜಾನ್ ಚಾಚಾ ಹೊಲಿಗೆಯಿಂದ ತಲೆಯೆತ್ತದೇ ಹೇಳಿದರು.

"ಹಿಂದಿನ ಓಣ್ಯಾಗ ಆ ವಿಶಾಖಾನ ಸ್ಟುಡಿಯೋ ಐತಲ್ಲ, ಅಲ್ಲಿಗೆ ಹೋಗ್ಯಾನವಾ. ಮೂರು ದಿನಾ ಆತು, ಅಲ್ಲೇ ಠಿಕಾಣಿ ಹೂಡ್ಯಾನ."

ಕಾಲುಗಳು ತಾವಾಗಿಯೇ ಆ ಓಣಿಗೆ ತಿರುಗಿದವು. ವಿಶಾಖಾ ಮದುವೆಯ ವಿಡಿಯೋಗಳನ್ನು ಎಡಿಟ್ ಮಾಡುವವಳು. ಮೆಟ್ಟಿಲು ಹತ್ತುವಾಗಲೇ ನಗು ಕೇಳಿಸಿತು. ಒಂದು ಅವನದು. ಇನ್ನೊಂದು...

ಬಾಗಿಲಲ್ಲಿ ಆಮ್ರಪಾಲಿ ಕಲ್ಲಾಗಿ ನಿಂತಳು.

ಇಬ್ಬರ ನಡುವೆ ಚುರುಮುರಿ ಗಿರಮಿಟ್ಟಿನ ಒಂದೇ ತಟ್ಟೆ. ಟೇಬಲ್ಲಿನ ಮೇಲೆ ತನ್ನದರಂತಹದೇ ಪುಟ್ಟ ಕಂಪ್ಯೂಟರ್. ಅದರ ಪಕ್ಕದಲ್ಲಿ ಡಾಕ್. ಡಾಕ್ ಮೇಲೆ ಫ್ಯಾನು ತಿರುಗಿಸುತ್ತ ಕುಳಿತದ್ದು... ತನ್ನ ಕಾರ್ಡು! ಮೂಲೆಯಲ್ಲಿ ತಾನೇ ಅಂಟಿಸಿದ್ದ ಹಳದಿ ಚೀಟಿ ಇನ್ನೂ ಇತ್ತು. ಪರದೆಯ ಮೇಲೆ ಯಾರದೋ ಮದುವೆ ಸರಾಗವಾಗಿ ಓಡುತ್ತಿತ್ತು.

ಸಮ್ಯಕ್ ದಡಬಡಿಸಿ ಎದ್ದ. "ನೀ... ನೀವು? ಅದು... ಟೆಸ್ಟ್ ಮಾಡಾಕತ್ತೇನ್ರಿ."

"ಬಂದಿಲ್ಲ ಅಂದಿದ್ರಿ."

"ಅಂದ್ರ... ಕುಂದರ್ರಿ, ಚಾ ತರ್ತೀನಿ. ಹೇಳ್ತೀನಿ."

ಅವನು ಯಂತ್ರ ಆಫ್ ಮಾಡಿ ಕೆಳಗಿಳಿದ. "ಲೇ ಸಮ್ಯಾ, ನನಗ ಸಕ್ರಿ ಕಮ್ಮಿ!" ಎಂದು ಕೂಗಿದ ವಿಶಾಖಾ, ಬಂದ ಗಿರಾಕಿಯೊಬ್ಬರಿಗೆ ಆಲ್ಬಮ್ ತೋರಿಸಲು ಹೊರಗಿನ ಕೋಣೆಗೆ ಹೋದಳು.

*ಲೇ ಸಮ್ಯಾ ಅಂತ!* ತನ್ನ ಕಾರ್ಡು ಇವಳಿಗೆ. ಅವನ ಊಟ, ಅವನ ನಗು, ಎಲ್ಲ ಇವಳಿಗೆ. ತನಗೆ ಮಾತ್ರ 'ಇನ್ನೂ ಬಂದಿಲ್ರಿ'!

ಟೇಬಲ್ಲಿನ ಮೇಲೆ ಫೋನ್ ಚಾರ್ಜ್ ಮಾಡುವ ಕಪ್ಪು ಕೇಬಲ್ ಬಿದ್ದಿತ್ತು. ಡಾಕ್‌ನಿಂದ ಕಂಪ್ಯೂಟರಿಗೆ ಹೋಗಿದ್ದೂ ಕಪ್ಪು. ತುದಿ ಎರಡರದ್ದೂ ಒಂದೇ ತರಹ. ಆದರೆ ಫೋನಿನ ವೈರಿಗೆ ಅಷ್ಟೊಂದು ಕೆಲಸ ಹೊರುವ ತಾಕತ್ತಿಲ್ಲವೆಂದು ಸಮ್ಯಕ್‌ನೇ ಹಿಂದೊಮ್ಮೆ ಹೇಳಿಕೊಟ್ಟಿದ್ದ.

ಮೂರೇ ಕ್ಷಣ. ಅದನ್ನು ಕಿತ್ತಳು, ಇದನ್ನು ಸಿಕ್ಕಿಸಿದಳು. ಒಳ್ಳೆಯ ಕೇಬಲ್ ಅವಳ ಬ್ಯಾಗಿನ ತಳ ಸೇರಿತು. ಚಹಾ ಬರುವಷ್ಟರಲ್ಲಿ ಅವಳು ಓಣಿ ದಾಟಿದ್ದಳು.

*ಇನ್ನ ಹೆಂಗ ಓಡತೈತಿ ನೋಡೋಣು ನಿಮ್ಮ ಮದುವಿ!*

ಅಂದು ಸಮ್ಯಕ್‌ನ ಹತ್ತು ಕರೆ ಬಂದವು. ಒಂದನ್ನೂ ಎತ್ತಲಿಲ್ಲ. ಗುರುವಾರವೂ ಎತ್ತಲಿಲ್ಲ. ಆದರೆ ಗೆದ್ದ ಖುಷಿ ಬರಲೊಲ್ಲದು.

ಶುಕ್ರವಾರ ಬೆಳಿಗ್ಗೆ ಬಸ್ಸಿನಲ್ಲಿದ್ದಾಗ ಅವನ ಧ್ವನಿ ಸಂದೇಶ ಬಂತು. ದನಿ ಪೂರ್ತಿ ಸೋತಿತ್ತು.

"ಸಿಟ್ಟಾಗೀರಿ ಅಂತ ಗೊತ್ತೈತ್ರಿ. ಡಾಕ್ ಬಂದಿತ್ತು, ಖರೇ. ಆದ್ರ ಅರ್ಧಾ ತಾಸಿಗೊಮ್ಮೆ ಬಂದ್ ಬೀಳ್ತಿತ್ತು. ಹೊನವಾಡದಾಗ ಎಲ್ಲಾರ ಮುಂದ ಹಂಗಾದ್ರ ನಿಮ್ಮ ಮರ್ಯಾದಿ ಏನಾಗಬೇಕು? ನಿಮ್ಮ ಕಂಪ್ಯೂಟರ್ ದಿನಾ ನಿಮಗ ಬೇಕು, ಇಟಕೊಳ್ಳಾಕ ಬರಂಗಿಲ್ಲ. ಅದಕ್ಕ ವಿಶಾಖಾನ ಮಿಷಿನ್ನಿಗೆ ಹಚ್ಚಿ ಮೂರು ದಿನಾ ಓಡಿಸಿ ನೋಡ್ದೆ. ಸರಿ ಆಗಿತ್ತು. ಈಗ ಕಾರ್ಡನ್ನ ಹಿಡಿಯವಲ್ದು. ಎಲ್ಲಾ ಬಿಚ್ಚಿ ನೋಡೀನಿ. ನನ್ನ ಕೈಯಾಗ ಏನೋ ಕೆಟ್ಟೈತಿ. ಚಿಂತಿ ಮಾಡಬ್ಯಾಡ್ರಿ, ಹತ್ತರ ಬಸ್ಸಿಗೆ ಸೊಲ್ಲಾಪುರಕ್ಕ ಹೋಗಿ ಬ್ಯಾರೆ ತರ್ತೀನಿ."

ಆಮ್ರಪಾಲಿ ಬ್ಯಾಗಿನ ತಳಕ್ಕೆ ಕೈಹಾಕಿ ಕೇಬಲ್ಲನ್ನು ಹುಡುಕಿ ತೆಗೆದಳು. ಬಂದ್ ಬೀಳದಿರಲೆಂದು ಅವನು ಮೂರು ದಿನ ಕಾದದ್ದು... ತನಗಾಗಿ!

ಬಸ್‌ಸ್ಟ್ಯಾಂಡಿನಲ್ಲಿ ಇಳಿದವಳೇ ಓಡಿದಳು. ಸೊಲ್ಲಾಪುರದ ಬಸ್ಸಿನ ಮೆಟ್ಟಿಲ ಮೇಲೆ ಅವನ ಒಂದು ಕಾಲು.

"ಹೋಗಬ್ಯಾಡ್ರಿ!"

ತಿರುಗಿದ. ಅವಳು ಏದುಸಿರು ಬಿಡುತ್ತ ಕೇಬಲ್ಲನ್ನು ಅವನ ಮುಂದೆ ಹಿಡಿದಳು.

"ಡಾಕ್ ಕೆಟ್ಟಿಲ್ಲ. ನಿಮ್ಮ ಕೈಯಾಗೂ ಏನೂ ಕೆಟ್ಟಿಲ್ಲ. ನಾ... ನಾ ಬದಲಿ ಮಾಡೀನಿ."

ಸಮ್ಯಕ್‌ಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಅರ್ಥವಾದಾಗ ಅವನು ಕೂಗಾಡಲಿಲ್ಲ. ಅದೇ ಅವಳನ್ನು ಹೆಚ್ಚು ಸುಟ್ಟಿತು.

"ಎರಡು ದಿನಾ ರೀ... ಎರಡು ದಿನಾ ನನ್ನ ಕೆಲಸದ ಮ್ಯಾಲ ನನಗ ನಂಬಿಕಿ ಹೋಗಿತ್ತು. ಅಂಗಡಿ ಮುಚ್ಚಿಬಿಡಲೇನು ಅಂತ ಅನ್ನಿಸಿತ್ತು. ಒಂದು ಮಾತು ಕೇಳಿದ್ರ ಆಗ್ತಿದ್ದಿಲ್ಲೇನು?"

ಕೇಬಲ್ ತೆಗೆದುಕೊಂಡು ಜನರ ನಡುವೆ ಹೊರಟುಹೋದ. ತಿರುಗಿ ನೋಡಲಿಲ್ಲ.

ಆಮ್ರಪಾಲಿ ಅಳುತ್ತ ನಿಲ್ಲಲಿಲ್ಲ. ಸೀದಾ ಸ್ಟುಡಿಯೋಕ್ಕೆ ಹೋಗಿ ವಿಶಾಖಾಳ ಎದುರೂ ಎಲ್ಲ ಹೇಳಿದಳು.

ವಿಶಾಖಾ ಕೈಕಟ್ಟಿ ಕೇಳಿದಳು. "ಅವ ನನ್ನ ಮಿಷಿನ್ನೂ ಬಿಚ್ಚಿಟ್ಟಾನ, ಎರಡು ದಿನಾ ನನ್ನ ಕೆಲಸಾ ನಿಂತೈತಿ. ಮದುಮಗಳ ತಾಯಿ ಕಡಿಂದ ಬೈಸಿಕೊಂಡೇನಿ. ಗೊತ್ತೈತಿಲ್ಲೋ?"

"ತಪ್ಪಾಗೈತಿ. ಕುಂದ್ರಿಸಿ ಎಷ್ಟು ಕೆಲಸಾ ಹಚ್ತಿ ಹಚ್ಚವಾ, ಮಾಡ್ತೀನಿ."

"ಮಾಡೇ ಮಾಡ್ತಿ, ಬಿಡಂಗಿಲ್ಲ." ವಿಶಾಖಾ ಕಿಟಕಿಯ ಕಡೆ ನೋಡಿದಳು. ದನಿ ಮೆತ್ತಗಾಯಿತು. "ಹೊಟ್ಟಿಕಿಚ್ಚು ಸುಳ್ಳು ಹೇಳಂಗಿಲ್ಲ ನೋಡು. ನನಗ ಅವನ ಮ್ಯಾಲ ಮನಸಿತ್ತು. ಹೋದ ತಿಂಗಳ ಬಾಯಿಬಿಟ್ಟು ಕೇಳೂ ಕೇಳಿದೆ."

ಆಮ್ರಪಾಲಿ ಒಂದು ಹೆಜ್ಜೆ ಹತ್ತಿರ ಬಂದಳು. "ಏನಂದ್ರು...?"

"ಇಲ್ಲ ಅಂದ. ಯಾಕ ಅಂತ ಅವನ್ನ ಕೇಳು. ಅದೂ ನಾನ ಹೇಳಬೇಕಂದ್ರ ನನಗೂ ಒಂದು ಹೊಟ್ಟಿ ಐತಿ, ಅದರಾಗೂ ಕಿಚ್ಚೈತಿ!"

ಅಂದು ಸಂಜೆಯವರೆಗೂ, ಮರುದಿನವೂ ಆಮ್ರಪಾಲಿ ವಿಶಾಖಾಳ ಪಕ್ಕ ಕುಳಿತು ಅಕ್ಷತೆ ಬೀಳುವ ದೃಶ್ಯಗಳನ್ನು ಆರಿಸಿಕೊಟ್ಟಳು. ಅವಳಿಲ್ಲದ ಹೊತ್ತಿನಲ್ಲಿ ಸಮ್ಯಕ್ ಬಂದು ಡಾಕ್, ಕಾರ್ಡ್ ಎರಡನ್ನೂ ಬಿಚ್ಚಿಕೊಂಡು ಹೋದನೆಂದು ತಿಳಿಯಿತು. ಅವಳಿಗೆ ಫೋನ್ ಮಾತ್ರ ಬರಲಿಲ್ಲ.

ಭಾನುವಾರ ಅಪ್ಪನೊಂದಿಗೆ ಹೊನವಾಡದ ಬಸ್ಸು ಹತ್ತಿದಳು. ಬ್ಯಾಗಿನಲ್ಲಿ ಪುಟ್ಟ ಕಂಪ್ಯೂಟರ್ ಒಂದೇ. *ನಿಂತರ ನಿಲ್ಲಲಿ. ಬಾಯಿಲೇ ಹೇಳ್ತೀನಿ.*

ಬುಡ್ಡೇಸಾಬರ ಪಡಸಾಲೆಯಲ್ಲಿ ಮನೆಮಂದಿ ಟಿವಿಯ ಮುಂದೆ ಕುಳಿತಿದ್ದರು. ಮನೆ ಕಾಣಿಸಿತು, ಬಾಗಿಲವರೆಗೆ ಹೋಯಿತು... ನಿಂತಿತು.

"ಬಾಗಲಾ ತಗೀವಲ್ದೇನವಾ?" ಎಂದರು ಬುಡ್ಡೇಸಾಬರು. ಯಾರೋ ನಕ್ಕರು. ಮರೆಪ್ಪ ತಲೆ ತಗ್ಗಿಸಿದ.

ಆಗ ಅಂಗಳದಲ್ಲಿ ಬೈಕು ನಿಂತ ಸದ್ದು.

ಎದೆಗವಚಿಕೊಂಡ ಡಬ್ಬದೊಂದಿಗೆ ಸಮ್ಯಕ್ ಒಳಬಂದ. ಆಮ್ರಪಾಲಿಯ ಮುಖ ನೋಡದೇ ಪಕ್ಕದಲ್ಲಿ ಕುಕ್ಕರುಗಾಲಿನಲ್ಲಿ ಕುಳಿತ.

"ಸಿಟ್ಟು ಬ್ಯಾರೆ, ಕೆಲಸಾ ಬ್ಯಾರೆ," ಎಂದ ಮೆಲ್ಲಗೆ. "ಬಂದ್ ಮಾಡ್ರಿ ಮೊದ್ಲ. ಟಿವಿ ವೈರ್ ಕಂಪ್ಯೂಟರಿನಿಂದ ತಗದು ಕಾರ್ಡಿಗೆ ಹಚ್ರಿ."

ಅವಳು ಹಾಗೇ ಹಚ್ಚಿದಳು. ಡಾಕ್‌ಗೆ ಕರೆಂಟು, ಆಮೇಲೆ ಕೇಬಲ್, ಆಮೇಲೆ ಕಂಪ್ಯೂಟರ್. ಫ್ಯಾನು ಗುಂಯ್ ಎಂದಿತು. ಪರದೆ ಬೆಳಗಿತು.

ಬಾಗಿಲು ತೆರೆಯಿತು! ಪಡಸಾಲೆ, ದೇವರಮನೆ, ಮಾಳಿಗೆಯ ಮೆಟ್ಟಿಲು, ಅಡುಗೆಮನೆ... ಎಲ್ಲರೂ ತಡೆಯಿಲ್ಲದೆ ಒಳಗೆ ನಡೆದಂತಾಯಿತು. ಬುಡ್ಡೇಸಾಬರ ಹೆಂಡತಿ ನೂರಜಹಾನ ಎದ್ದು ಟಿವಿಯ ಹತ್ತಿರವೇ ಬಂದುಬಿಟ್ಟರು.

"ಅಯ್ಯ! ಒಲಿ ಮುಂದ ನಿಂತ್ರ ತ್ವಾಟ ಕಾಣತೈತಿ! ಇದ ಬೇಕು ನನಗ. ಇದರಾಗ ಒಂದು ಇಟ್ಟಂಗಿನೂ ಬದಲಿ ಮಾಡಬ್ಯಾಡ್ರಿ."

ಮರೆಪ್ಪ ಮಾತ್ರ ತುಟಿಯಲ್ಲೇ ಏನನ್ನೋ ಎಣಿಸುತ್ತಿದ್ದ.

"ಹದಿನೇಳು ಮೆಟ್ಟಲಾ. ಬರೋಬ್ಬರಿ ಅದಾವ, ಯವ್ವಾ," ಎಂದ. ಕಣ್ಣು ತುಂಬಿದ್ದವು. "ನಾ ಕಟ್ತೀನಿ ಇದನ್ನ."

ಎಲ್ಲರೂ ಜಾಗ ನೋಡಲು ತೋಟದ ಕಡೆ ಹೊರಟರು. ಪಡಸಾಲೆಯಲ್ಲಿ ಇಬ್ಬರೇ ವೈರು ಸುತ್ತುತ್ತ ಉಳಿದರು.

"ನಂದೂ ತಪ್ಪೈತಿ," ಎಂದ ಸಮ್ಯಕ್. "ಡಾಕ್ ಬಂದ್ ಬೀಳಾಕತ್ತೈತಿ ಅಂತ ನಿಮ್ಮ ಮುಂದ ಹೇಳಾಕ ನಾಚಿಕಿ ಆತು. ಅದಕ್ಕ ಸುಳ್ಳು ಹೇಳಿದೆ."

"ನಂದು ದೊಡ್ಡ ತಪ್ಪು. ನಿಮ್ಮ ಕೈಮ್ಯಾಲ ನಿಮಗ ಅನುಮಾನಾ ಬರೋ ಹಂಗ ಮಾಡ್ದೆ." ಅವಳು ತಲೆಯೆತ್ತಿದಳು. ಈ ಸಲ ನುಂಗಿಕೊಳ್ಳಲಿಲ್ಲ. "ಕೇಳಬೇಕಾಗಿತ್ತು ಅಂದ್ರಿ. ಈಗ ಕೇಳ್ತೀನಿ. ವಿಶಾಖಾಗ ಯಾಕ ಇಲ್ಲ ಅಂದ್ರಿ?"

ಸಮ್ಯಕ್ ಸುತ್ತುತ್ತಿದ್ದ ವೈರನ್ನು ಕೆಳಗಿಟ್ಟ.

"ಆಕಿ ಛಲೋ ಹುಡುಗಿ. ಆದ್ರ ಆಕಿ ಬರ್ತಾಳಂತ ನಾ ಎಂದೂ ಹಾದಿ ನೋಡಿಲ್ಲ. ಸಾರವಾಡದ ಬಸ್ ಎಷ್ಟಕ್ಕ ಬರತೈತಿ, ಯಾವಾಗ ಲೇಟ್ ಆಗತೈತಿ, ನನಗೆಲ್ಲಾ ಬಾಯಿಪಾಠ ಆಗ್ಯಾವ." ಅವನು ಅವಳ ಕಣ್ಣಲ್ಲೇ ನೋಡಿದ. "ನನಗ ನೀ ಬೇಕು, ಆಮ್ರಪಾಲಿ."

'ನೀವು' ಯಾವಾಗ 'ನೀ' ಆಯಿತೋ! ಅವಳ ಕೈಯಿಂದ ವೈರು ಜಾರಿತು.

"ನನಗ ಹೊಟ್ಟಿಕಿಚ್ಚು ಭಾಳ. ನಾಳೆ ಮತ್ತ ಬರತೈತಿ... ಮೊದ್ಲ ಹೇಳ್ತೀನಿ."

"ಬರಲಿ. ಬಂದಾಗ ಕೇಳು. ಎಷ್ಟು ಸಲಾ ಕೇಳಿದ್ರೂ ಹೇಳ್ತೀನಿ."

"ಈಗ ಬಂದೈತಿ."

"ಈಗ? ಯಾರ ಮ್ಯಾಲ?"

"ನಿನ್ನ ಮ್ಯಾಲ! ಹೊರಗ ಕೇಳು... ನಮ್ಮಪ್ಪ 'ಆ ಡಬ್ಬಿ ತಂದ ಹುಡುಗಾ ಭಾಳ ಶ್ಯಾಣ್ಯಾ' ಅಂತ ಎಲ್ಲಾರ ಮುಂದ ಹೊಗಳಾಕತ್ತಾನ. ನನ್ನ ಹೆಸರ ತಗೀವಲ್ಲ!"

ಸಮ್ಯಕ್ ನಕ್ಕ. ಮೆಲ್ಲಗೆ ಅವಳ ಕೈ ಹಿಡಿದ.

"ಹಂಗಾರ ಇದ ಛಲೋ ಹೊತ್ತು. ಹೋಗಿ ಕೇಳ್ತೀನಿ ಅವರಿಗೆ, ಮಗಳನ್ನ ಕೊಡ್ತೀರೇನು ಅಂತ."

"ನೀ ಸುಮ್ಮ ನಿಂದರು," ಎಂದಳು ಆಮ್ರಪಾಲಿ, ಕಣ್ಣೊರೆಸಿಕೊಂಡು ಎದ್ದು ನಿಂತು. "ನಾನ ಕೇಳ್ತೀನಿ."