ಗೋಡೆ ದಾಟಿದ ಹೀರೆಬಳ್ಳಿ

"ಹೂ ಯಾಕ ಹರ್ಯಾಕತ್ತೀರಿ?"

ತಾರಸಿ ಹತ್ತಿದ ಸುಮಂಗಲಾಳಿಗೆ ಮೊದಲು ಕಂಡಿದ್ದೇ ಆ ಕೈ. ಅವಳ ಹೀರೆಬಳ್ಳಿ ನಡುಗೋಡೆ ದಾಟಿ ಪಕ್ಕದ ತಾರಸಿಗೆ ಹಬ್ಬಿತ್ತು, ನಿಜ. ಹಾಗಂತ ಹೂವಿಗೆ ಕೈ ಹಾಕುವುದೇ? ಸಿಟ್ಟಿನಲ್ಲಿ ತೆಲುಗು, ಹಿಂದಿ ಎರಡೂ ಮರೆತು ಮನೆಮಾತೇ ಬಾಯಿಗೆ ಬಂದಿತ್ತು.

ಆತ ಬೆಚ್ಚಿಬಿದ್ದ. ತೆಲುಗು ಸೀಮೆಯ ಈ ಮಲ್ಕಾಜ್‌ಗಿರಿಯಲ್ಲಿ ಕನ್ನಡದಲ್ಲಿ ಬೈಸಿಕೊಳ್ಳುತ್ತೇನೆಂದು ಪಾಪ, ಕನಸಿನಲ್ಲೂ ಎಣಿಸಿರಲಿಲ್ಲ.

"ಇದು ಗಂಡು ಹೂ ರಿ... ಹೆಣ್ಣು ಹೂವಿಗೆ ಮುಟ್ಟಸಾಕತ್ತೀನಿ. ಇಲ್ಲಿ ದುಂಬಿ ಬರಂಗಿಲ್ಲ, ಅದಕ್ಕ ಕಾಯಿ ನಿಲ್ಲವಲ್ದು."

ಹೇಳಿದವನ ಕಿವಿ ಕೆಂಪಾಯಿತು. ಕೇಳಿದವಳ ಕೆನ್ನೆಯೂ...

ಅವನು ಗುರುಶಾಂತ. ಕಲಬುರಗಿಯಿಂದ ಬ್ಯಾಂಕ್ ಕೆಲಸಕ್ಕೆ ಬಂದು ಪಕ್ಕದ ಅನ್ನಮ್ಮನ ಮನೆಯಲ್ಲಿ ಬಾಡಿಗೆಗಿದ್ದ. ತೆಲುಗು ಅಷ್ಟಕ್ಕಷ್ಟೇ.

ಆಮೇಲೆ ಇಬ್ಬರ ಸಂಜೆಗಳೆಲ್ಲ ಆ ಗೋಡೆಯ ಬಳಿಯೇ. ಬದನೆಗೆ ಹುಳ ಬಿದ್ದರೂ ನೆಪ, ಸೇವಂತಿಗೆ ಮೊಗ್ಗು ಬಂದರೂ ನೆಪ. ಹಿಮಾಯತ್‌ನಗರದ ಆಫೀಸಿನಿಂದ ಬಂದ ಮಗಳು ಚಹಾ ಕೂಡ ಕುಡಿಯದೆ ಮೇಲೆ ಓಡುವುದು ಅವ್ವನ ಕಣ್ಣಿಗೆ ಬೀಳದಿದ್ದೀತೇ? ಮಗಳ ಮನಸ್ಸು ತಿಳಿದುಕೊಂಡು, ಹುಡುಗನನ್ನು ಒಂದು ಮಾತು ಕೇಳುವ ಕೆಲಸವನ್ನು ಅನ್ನಮ್ಮನಿಗೆ ಒಪ್ಪಿಸಿದಳು.

ಬೆಳಿಗ್ಗೆ ಬಸ್ಸಿಗೆ ಓಡುತ್ತಿದ್ದವನನ್ನು ಅನ್ನಮ್ಮ ಗೇಟಿನಲ್ಲೇ ತಡೆದು ಕೇಳಿದಳು. ಸಂಜೆ ಸಪ್ಪೆ ಮುಖ ಮಾಡಿಕೊಂಡು ಉತ್ತರ ತಂದಳು. ಮದುವೆಯ ಮಾತು ಸಾಕು ಅಂದನಂತೆ.

ಸಾಕೇ? ಇಷ್ಟು ದಿನದ ಸಲಿಗೆ ಅವನಿಗೆ ಬರೀ ಹೊತ್ತು ಕಳೆಯುವ ಆಟವಾಗಿತ್ತೇ? ಸುಮಂಗಲಾ ತಾರಸಿಗೆ ಹೋಗಿ, ಗೋಡೆಯಾಚೆ ಹಬ್ಬಿದ್ದ ಬಳ್ಳಿಯ ಕುಡಿಗಳನ್ನು ಬಿಡಿಸಿ ತನ್ನ ಕಡೆಗೆ ಎಳೆದುಕೊಳ್ಳತೊಡಗಿದಳು. ಎಷ್ಟು ತಡೆದರೂ ಅಳು ನಿಲ್ಲಲಿಲ್ಲ.

"ಬಳ್ಳಿ ಯಾಕ ಎಳ್ಯಾಕತ್ತೀರಿ?" ಎದುರಿಗೆ ಗುರುಶಾಂತ ನಿಂತಿದ್ದ.

"ಸಾಕು ಅಂದವರು ನೀವ ಅಲ್ಲೇನ್ರಿ?"

"ನಾ ಯಾವಾಗ ಅಂದೆ? ಮದುವಿ ಮಾತು ಮುಂದುವರಸೂದೇನು ಅಂತ ಅನ್ನಮ್ಮ ಕೇಳಿದ್ರು. ಖುಷೀಲೆ ಚಾಲು, ಚಾಲು ಅಂದು ಬಸ್ ಹಿಡದೆ."

ಚಾಲು! ಅವಳ ಕೈಯಲ್ಲಿದ್ದ ಕುಡಿ ಜಾರಿತು. ಅವನ ಊರಿನಲ್ಲಿ ಚಾಲು ಎಂದರೆ ನಡೆಯಲಿ. ಅನ್ನಮ್ಮನ ತೆಲುಗಿನಲ್ಲಿ ಚಾಲು ಎಂದರೆ ಸಾಕು. ಎರಡೂ ಭಾಷೆ ಅರೆದು ಕುಡಿದ ತಾನಾದರೂ ಅವನನ್ನೇ ಒಮ್ಮೆ ಕೇಳಬಾರದಿತ್ತೇ?

ವಿಷಯ ಬಿಡಿಸಿ ಹೇಳಿದಾಗ ಗುರುಶಾಂತ ಹಣೆ ಚಚ್ಚಿಕೊಂಡ. ಅವಳಿಗೆ ಅಳುವಿನ ನಡುವೆಯೇ ನಗು ಬಂತು.

"ಇನ್ನ ಯಾರ ಕೈಲೂ ಹೇಳಿ ಕಳಸಬ್ಯಾಡ್ರಿ. ನನಗ ಹೇಳ್ರಿ," ಎಂದಳು.

ಅವನು ಗೋಡೆಗೆ ಇನ್ನಷ್ಟು ಹತ್ತಿರ ಬಂದ.

"ಸುಮಂಗಲಾ ಅವ್ರ... ನೀವಂದ್ರ ನನಗ ಭಾಳ ಜೀವ ರಿ. ನನ್ನ ಲಗ್ನ ಆಗ್ತೀರೇನ್ರಿ?"

"ಹೂಂ... ಆದ್ರ ನನಗ ಈ 'ರಿ' ಹಚ್ಚೂದು ಬಿಡಬೇಕು."

"ಆತು, ಸುಮಾ. ಹಂಗಾದ್ರ ನೀನೂ ಬಿಡು."

"ನಾ ಬಿಡಂಗಿಲ್ರಿ," ಎಂದು ಅವಳು ತಲೆ ತಗ್ಗಿಸಿದಳು. "ಬಿಟ್ರ, ಗಂಡಗ ಏನಂತ ಕರೀಲಿ?"