ಮಗ್ಗ ನಿಂತ ಮಧ್ಯಾಹ್ನ

ಚಿಕ್ಕಂದಿನಲ್ಲಿ ಮೊಳಕಾಲ್ಮೂರಿನ ನಮ್ಮ ನೇಕಾರರ ಓಣಿ ಹೊಕ್ಕರೆ ಸಾಕು, ಒದ್ದೆ ರೇಷ್ಮೆಯ ವಾಸನೆ ಮೂಗಿಗೆ ಬಡಿಯುತ್ತಿತ್ತು. ದೊಡ್ಡವಳಾದ ಮೇಲೆ ನಾನು ಪತ್ತೇದಾರಿ, ವೈಜ್ಞಾನಿಕ ಕಾದಂಬರಿಗಳನ್ನು ಬರೆದೆ. ಪ್ರತಿಯೊಂದನ್ನೂ ಮೊದಲು ಪಕ್ಕದ ಮನೆಯ ಈಶ್ವರಮ್ಮನಿಗೆ ಓದಿ ಹೇಳುತ್ತಿದ್ದೆ. ಅವಳು ನೇಯುತ್ತಲೇ ಕೇಳುವಳು. ಕಥೆ ಮನಸ್ಸು ಹಿಡಿದರೆ ಮಾತ್ರ ಮಗ್ಗ ನಿಲ್ಲಿಸಿ, "ತರ್ವಾತ ಏನಾಯ್ತಕ್ಕಾ?" ಅನ್ನುವಳು.

ಅವಳು ತೀರಿಕೊಂಡ ಮೇಲೆ ಮಗ್ಗ ಬಿಚ್ಚಿದರು. ನೇಯುವಾಗ ಕಾಲಿಡುತ್ತಿದ್ದ ಗುಂಡಿಯಷ್ಟೇ ಉಳಿಯಿತು. ಹೋದ ಬೇಸಿಗೆಯಲ್ಲಿ ಹೊಸ ಕಾದಂಬರಿ ಅಚ್ಚಿಗೆ ಹೋಗಬೇಕಿತ್ತು. ಅದರ ಕೊನೆ ಸರಿಯೋ ತಪ್ಪೋ ಎಂದು ಹೇಳುವವರಿಲ್ಲದೆ, ಅವಳ ಮನೆಗೆ ಹೋಗಿ ಆ ಗುಂಡಿಯ ಪಕ್ಕ ಕೂತು ಮೊಬೈಲಿನಿಂದ ಗಟ್ಟಿಯಾಗಿ ಓದತೊಡಗಿದೆ. ಹತ್ತಿರದಲ್ಲೆಲ್ಲೋ ಮಗ್ಗದ ಸದ್ದು ಬರುತ್ತಿತ್ತು.

ಕಾದಂಬರಿಯ ಕೊನೆಗೆ, ಬಾಹ್ಯಾಕಾಶದಲ್ಲಿ ಒಂಟಿಯಾದ ಹುಡುಗಿ ಸತ್ತಳೆಂದು ಓದಿದರೂ ಸದ್ದು ನಿಲ್ಲಲಿಲ್ಲ. ಮನಸ್ಸು ತಡೆಯದೆ, ರೇಡಿಯೋದಲ್ಲಿ ಅವಳಿಗೆ ಅವ್ವನ ದನಿ ಕೇಳಿಸಿತೆಂದು ಬಾಯಲ್ಲೇ ಬದಲಿಸಿದೆ. ಸದ್ದು ತಟ್ಟನೆ ನಿಂತಿತು. ಆ ಉರಿಬಿಸಿಲಿನಲ್ಲೂ ಗುಂಡಿಯಿಂದ ತಣ್ಣನೆ ಗಾಳಿ ಬಂತು, ಒದ್ದೆ ರೇಷ್ಮೆಯ ವಾಸನೆಯೂ ಬಂತು.

"ಯಾರ ಮನೆ ಮಗ್ಗ ಶ್ರುತಿ, ಈಗ ನಿಂತಿದ್ದು?" ಅಡುಗೆಮನೆಯಿಂದ ಬಂದ ಈಶ್ವರಮ್ಮನ ಸೊಸೆಯನ್ನು ಕೇಳಿದೆ.

"ಇವತ್ತು ಅಮಾಸೆ, ಮರೆತ್ರಾ ದೊಡ್ಡವ್ವ? ಓಣ್ಯಾಗೆ ಯಾರೂ ಮಗ್ಗಕ್ಕೆ ಕೂರಲ್ಲ."

ಅವಳು ಗುಂಡಿಯ ಕಡೆಗೊಮ್ಮೆ ನೋಡಿದಳು.

"ಕಥೆ ಕೊನೆ ಹಿಂಗೇ ಇರ್ಲಿ ಬಿಡ್ರಿ," ಎಂದು ರೊಟ್ಟಿ, ಶೇಂಗಾ ಚಟ್ನಿಯ ತಟ್ಟೆಯನ್ನು ಮೆಲ್ಲಗೆ ನನ್ನ ಕೈಗಿಟ್ಟಳು.